ಜಾವಾ ಸಕ್ಕರೆಗೆ ಕಟ್ಟಿದ ಗೋಡೆ: ಆಮದು ಸುಂಕ ಮತ್ತು ಗಡಿಸೀಮೆಯ ಕಬ್ಬಿನ ಉದ್ಯಮ

ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳು ಕರ್ನಾಟಕದ ಸಕ್ಕರೆ ಸೀಮೆಯ ಎದೆಭಾಗ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಆಸುಪಾಸಿನ ಈ ಊರುಗಳಲ್ಲಿ ದೀಪಾವಳಿ ಮುಗಿಯುವ ಹೊತ್ತಿಗೆ ಕಬ್ಬು ಕಡಿಯುವ ಗ್ಯಾಂಗುಗಳು ಬಂದಿಳಿಯುತ್ತವೆ, ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು ರಸ್ತೆ ತುಂಬುತ್ತವೆ. ಇಲ್ಲಿ ಕಪ್ಪು ಮಣ್ಣಿದೆ, ನೀರಿದೆ, ಬೆಳೆಯುವ ಕೈಗಳಿವೆ. ಆದರೆ ಇಲ್ಲಿ ಸಕ್ಕರೆ ಕಾರ್ಖಾನೆ ನಿಲ್ಲಿಸಿದರೆ ಹಾಕಿದ ದುಡ್ಡು ಮರಳುತ್ತದೆ ಎಂಬ ಧೈರ್ಯ ಬಂಡವಾಳಗಾರರಿಗೆ ಬಂದದ್ದು 1932ರಲ್ಲಿ ದೆಹಲಿಯಲ್ಲಿ ಪಾಸಾದ ಒಂದು ಸುಂಕದ ಕಾಯ್ದೆಯಿಂದ.

2025ರಲ್ಲಿ ಅಮೆರಿಕ ಜಗತ್ತಿನ ಬಹುತೇಕ ದೇಶಗಳ ಸರಕಿನ ಮೇಲೆ ಸುಂಕ ಏರಿಸಿ, ಕೈಬಿಟ್ಟುಹೋದ ಕಾರ್ಖಾನೆಗಳನ್ನು ಮರಳಿ ತರುತ್ತೇನೆ ಎಂದು ಹೊರಟ ಮೇಲೆ ಹಳೆಯ ವಾದ ಮತ್ತೆ ಎದ್ದಿದೆ: ಸುಂಕದಿಂದ ಕೈಗಾರಿಕೆ ಕಟ್ಟಬಹುದೇ? ಭಾರತದ ಮಟ್ಟಿಗೆ ಇದಕ್ಕೆ ಉತ್ತರ ಹುಡುಕಲು ಸಕ್ಕರೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಎಳೆಯ ಉದ್ಯಮದ ವಾದ

ಹೊರದೇಶದ ಸರಕು ಬಂದರಿನಲ್ಲಿ ಇಳಿಯುವಾಗ ಸರ್ಕಾರ ವಸೂಲಿ ಮಾಡುವ ತೆರಿಗೆಯೇ ಆಮದು ಸುಂಕ. ಬೊಕ್ಕಸ ತುಂಬಿಸಲು ಹಾಕುವ ಸುಂಕ ಒಂದು ಬಗೆ, ಒಳನಾಡಿನ ಉದ್ಯಮವನ್ನು ಕಾಯಲು ಹಾಕುವುದು ಇನ್ನೊಂದು ಬಗೆ. ಇವೆರಡಕ್ಕೂ ಒಳಜಗಳವಿದೆ. ಕಾಯುವ ಸುಂಕ ಪೂರ್ತಿ ಯಶಸ್ವಿಯಾದರೆ ಆಮದೇ ನಿಂತು, ಬೊಕ್ಕಸಕ್ಕೆ ಬರುವ ಹಣವೂ ನಿಲ್ಲುತ್ತದೆ. ಈ ಮಾತು ಮುಂದೆ ಸಕ್ಕರೆಯ ವಿಷಯದಲ್ಲಿ ಅಕ್ಷರಶಃ ನಡೆದುಹೋಯಿತು.

ಅಮೆರಿಕದಲ್ಲಿ ಹ್ಯಾಮಿಲ್ಟನ್ 1791ರಲ್ಲಿ, ಜರ್ಮನಿಯಲ್ಲಿ ಫ್ರೀಡ್ರಿಕ್ ಲಿಸ್ಟ್ 1841ರಲ್ಲಿ ಮಂಡಿಸಿದ ವಾದ ಸರಳವಾದದ್ದು. ಹೊಸದಾಗಿ ಕಣ್ಣುಬಿಟ್ಟ ಉದ್ಯಮ, ಬಲಿತ ಉದ್ಯಮದೆದುರು ಮೊದಲ ದಿನವೇ ಸೆಣಸಲಾರದು, ಕಲಿಯುವ ತನಕ ಅದಕ್ಕೆ ರಕ್ಷಣೆ ಬೇಕು. ಬ್ರಿಟಿಷ್ ಭಾರತ ಈ ವಾದವನ್ನು ಬಹುಕಾಲ ಒಪ್ಪಲಿಲ್ಲ. ಇಬ್ರಾಹಿಂ ರಹಿಮ್ತುಲ್ಲಾ ಅಧ್ಯಕ್ಷತೆಯ ಫಿಸ್ಕಲ್ ಕಮಿಷನ್ 1922ರಲ್ಲಿ ಆರಿಸಿ ರಕ್ಷಿಸುವ ನೀತಿಯನ್ನು ಶಿಫಾರಸು ಮಾಡಿತು. ಅದಕ್ಕೆ ಮೂರು ಷರತ್ತುಗಳಿದ್ದವು. ರಕ್ಷಣೆ ಕೇಳುವ ಉದ್ಯಮಕ್ಕೆ ದೇಶದಲ್ಲಿ ಕಚ್ಚಾ ಮಾಲು, ಕೂಲಿ, ಮಾರುಕಟ್ಟೆಯ ಸಹಜ ಅನುಕೂಲ ಇರಬೇಕು. ರಕ್ಷಣೆಯಿಲ್ಲದೆ ಅದು ಬೆಳೆಯಲಾರದು ಎಂಬುದು ಖಚಿತವಾಗಿರಬೇಕು. ಮುಂದೊಂದು ದಿನ ರಕ್ಷಣೆಯಿಲ್ಲದೆ ಜಗತ್ತಿನ ಪೈಪೋಟಿ ಎದುರಿಸುವಂತಿರಬೇಕು. ಕಬ್ಬಿಣ-ಉಕ್ಕಿಗೆ 1924ರಲ್ಲಿ ಈ ರಕ್ಷಣೆ ಸಿಕ್ಕಿತು. ಸಕ್ಕರೆಯ ಸರದಿ ಬರಲು ಇನ್ನೂ ಎಂಟು ವರ್ಷ ಹಿಡಿಯಿತು.

1932ರ ಕಾಯ್ದೆ

ಆಗ ನಮ್ಮ ಹಳ್ಳಿಗಳ ಸಿಹಿ ಎಂದರೆ ಬೆಲ್ಲ. ಗಾಣದಲ್ಲಿ ಅರೆದು, ಕೊಪ್ಪರಿಗೆಯಲ್ಲಿ ಕಾಸಿ ಮಾಡಿದ ಬೆಲ್ಲ ಕೊಲ್ಹಾಪುರ, ಸಾಂಗಲಿ ಪೇಟೆಗಳಿಗೆ ಹೋಗುತ್ತಿತ್ತು. ಪಟ್ಟಣದ ಚಹಾಕ್ಕೆ, ಮಿಠಾಯಿ ಅಂಗಡಿಗೆ ಬೇಕಾದ ಬಿಳಿ ಸಕ್ಕರೆ ಹಡಗಿನಲ್ಲಿ ಬರುತ್ತಿತ್ತು, ಹೆಚ್ಚಿನಂಶ ಡಚ್ಚರ ಆಡಳಿತದಲ್ಲಿದ್ದ ಜಾವಾ ದ್ವೀಪದಿಂದ. 1930ರ ಸುಮಾರಿಗೆ ವರ್ಷಕ್ಕೆ ಹತ್ತು ಲಕ್ಷ ಟನ್ನಿನಷ್ಟು ಸಕ್ಕರೆ ಆಮದಾಗುತ್ತಿದ್ದರೆ, ದೇಶದಲ್ಲಿ ಕಬ್ಬಿನಿಂದ ನೇರ ಸಕ್ಕರೆ ತಯಾರಿಸುವ ಆಧುನಿಕ ಕಾರ್ಖಾನೆಗಳಿದ್ದದ್ದು ಮೂವತ್ತರ ಆಸುಪಾಸು. ಜಗತ್ತಿನ ಮಹಾ ಕುಸಿತದ ಹೊಡೆತಕ್ಕೆ ಸಕ್ಕರೆಯ ಬೆಲೆ ನೆಲಕಚ್ಚಿದಾಗ ಆ ಮೂವತ್ತೂ ಉಳಿಯುವ ಖಾತ್ರಿ ಇರಲಿಲ್ಲ.

ರಕ್ಷಣೆಯ ಬೇಡಿಕೆಗಳನ್ನು ಪರಿಶೀಲಿಸುವ ಟ್ಯಾರಿಫ್ ಬೋರ್ಡ್ ವಿಚಾರಣೆ ನಡೆಸಿ 1931ರಲ್ಲಿ ವರದಿ ಕೊಟ್ಟಿತು. 1932ರ ಸಕ್ಕರೆ ಉದ್ಯಮ ರಕ್ಷಣಾ ಕಾಯ್ದೆ, ಆಮದು ಸಕ್ಕರೆಯ ಪ್ರತಿ ಹಂಡ್ರೆಡ್‌ವೇಟಿಗೆ, ಅಂದರೆ ಸುಮಾರು 51 ಕಿಲೋಗೆ, 7 ರೂಪಾಯಿ 4 ಆಣೆ ಸುಂಕ ವಿಧಿಸಿತು. ಮೇಲೆ ಸರ್ಚಾರ್ಜು ಸೇರಿ ಅದು 9 ರೂಪಾಯಿ ದಾಟಿತು. ಇನ್ನೂ ಮುಖ್ಯವಾದದ್ದು ಅವಧಿ. ರಕ್ಷಣೆ 1946ರವರೆಗೆ ಇರುತ್ತದೆ ಎಂದು ಕಾಯ್ದೆಯೇ ಹೇಳಿತ್ತು. ಕಾರ್ಖಾನೆಗೆ ಹಣ ಹಾಕುವವನಿಗೆ ಸುಂಕದ ಎತ್ತರಕ್ಕಿಂತ ಈ ದೀರ್ಘ ಭರವಸೆಯೇ ದೊಡ್ಡದು. ನಾಳೆ ಬೆಳಿಗ್ಗೆ ಬದಲಾಗಬಹುದಾದ ಸುಂಕ ನಂಬಿ ಯಾರೂ ಬಾಯ್ಲರ್ ತರಿಸುವುದಿಲ್ಲ. ವಾರಕ್ಕೊಂದು ದರ ಘೋಷಿಸುವ ಇಂದಿನ ಸುಂಕ ಸಮರದವರು ಈ ಹಳೆಯ ಕಾಯ್ದೆಯನ್ನು ಒಮ್ಮೆ ಓದಬೇಕು.

ಫಲ ಬೇಗ ಕಾಣಿಸಿತು. 1930ರ ದಶಕದ ನಡುವಿಗೆ ಕಾರ್ಖಾನೆಗಳ ಸಂಖ್ಯೆ 130 ದಾಟಿತು. ಒಂದೂವರೆ ಲಕ್ಷ ಟನ್ನಿನ ಸುತ್ತಮುತ್ತ ಇದ್ದ ಉತ್ಪಾದನೆ ಹತ್ತು ಲಕ್ಷ ಮೀರಿತು. ಆಮದು ಹೆಸರಿಗಷ್ಟೇ ಉಳಿಯಿತು. ಅತ್ತ ಜಾವಾದಲ್ಲಿ ನೂರಕ್ಕೂ ಹೆಚ್ಚು ಕಾರ್ಖಾನೆಗಳು ಬಾಗಿಲು ಹಾಕಿದವು, ಗದ್ದೆ ಗೇಣಿಯ ದುಡ್ಡು ಮತ್ತು ಕೂಲಿ ನಂಬಿದ್ದ ಅಲ್ಲಿನ ಹಳ್ಳಿಗಳು ಬರಿಗೈಯಾದವು. ಅದಕ್ಕೆ ಭಾರತದ ಸುಂಕವೊಂದೇ ಕಾರಣವಲ್ಲ, ಆದರೆ ದೊಡ್ಡ ಗಿರಾಕಿ ಬಾಗಿಲು ಮುಚ್ಚಿಕೊಂಡದ್ದು ನಿಜ. ಸುಂಕದ ಕಥೆ ಹೇಳುವಾಗ ಆ ತುದಿಯನ್ನು ನಾವು ಸಾಮಾನ್ಯವಾಗಿ ಬಿಟ್ಟುಬಿಡುತ್ತೇವೆ.

ಜಾವಾದ ಸಕ್ಕರೆ ಬೇಡ, ಜಾವಾದ ಕಬ್ಬು ಬೇಕು

ಸುಂಕದ ಪರವಾಗಿ ಮಾತಾಡುವವರು ಇಲ್ಲಿಗೇ ಕಥೆ ಮುಗಿಸುತ್ತಾರೆ. ಅದು ಅರ್ಧ ಕಥೆ.

ಕೊಯಮತ್ತೂರಿನಲ್ಲಿ 1912ರಲ್ಲಿ ಕಬ್ಬಿನ ತಳಿ ಅಭಿವೃದ್ಧಿ ಕೇಂದ್ರ ಆರಂಭವಾಗಿತ್ತು. ಸಿ. ಎ. ಬಾರ್ಬರ್, ಅವರ ನಂತರ ಟಿ. ಎಸ್. ವೆಂಕಟರಾಮನ್ ಅಲ್ಲಿ ಕಾಡುಜಾತಿಯ ಕಬ್ಬನ್ನು ಸಾಗುವಳಿಯ ಕಬ್ಬಿಗೆ ಕೂಡಿಸಿ 'ಕೋ' ತಳಿಗಳನ್ನು ಸೃಷ್ಟಿಸಿದರು. ಸುಂಕ ಬರುವ ಹೊತ್ತಿಗೆ ಉತ್ತರದ ಬಯಲಿಗೆ ಒಗ್ಗುವ ತಳಿಗಳು ರೈತರ ಕೈಯಲ್ಲಿದ್ದವು. ದಖ್ಖನಿಗೆ ವರವಾದದ್ದು 1930ರ ದಶಕದಲ್ಲಿ ಬಂದ ಕೋ 419. ಅದರ ಹೆತ್ತವರಲ್ಲಿ ಒಂದು ಕೋ 290, ಇನ್ನೊಂದು ಪಿಒಜೆ 2878. ಈ ಎರಡನೆಯದು ಹುಟ್ಟಿದ್ದು ಪೂರ್ವ ಜಾವಾದ ಡಚ್ ಪ್ರಯೋಗಕೇಂದ್ರದಲ್ಲಿ. ಯಾವ ದ್ವೀಪದ ಸಕ್ಕರೆಗೆ ಗೋಡೆ ಕಟ್ಟಿದೆವೋ ಅದೇ ದ್ವೀಪದ ಕಬ್ಬಿನ ರಕ್ತ ನಮ್ಮ ಹೊಲಕ್ಕೆ ಬಂತು.

ಯಂತ್ರಗಳದೂ ಅದೇ ಕಥೆ. ಆ ದಶಕದ ಕಾರ್ಖಾನೆಗಳ ಗಾಣ, ಬಾಯ್ಲರ್‌ಗಳು ಬಹುಪಾಲು ಹೊರದೇಶದಿಂದ ಬಂದವು; ವಾಲಚಂದನಗರದಂಥ ಕಡೆ ಸಕ್ಕರೆ ಯಂತ್ರಗಳನ್ನೇ ತಯಾರಿಸುವ ಕೆಲಸ ಬೆಳೆದದ್ದು ಸ್ವಾತಂತ್ರ್ಯದ ನಂತರ. ಸರಕಿಗೆ ಬಾಗಿಲು ಹಾಕಿ, ತಳಿಗೂ ವಿದ್ಯೆಗೂ ಯಂತ್ರಕ್ಕೂ ಬಾಗಿಲು ತೆರೆದಿಟ್ಟದ್ದರಿಂದಲೇ ಸಕ್ಕರೆಯ ಸುಂಕ ಫಲಿಸಿತು ಎಂಬುದು ನನ್ನ ಎಣಿಕೆ. ಕಚ್ಚಾ ಮಾಲು, ಬಿಡಿಭಾಗ, ಯಂತ್ರ ಎಲ್ಲಕ್ಕೂ ಒಟ್ಟಿಗೆ ಸುಂಕ ಏರಿಸಿದರೆ ಕಾರ್ಖಾನೆ ಕಟ್ಟುವ ವೆಚ್ಚವೇ ಏರುತ್ತದೆ.

ಕೃಷ್ಣಾ ತೀರಕ್ಕೆ ತಡವಾಗಿ

1932ರ ಸುಂಕದ ಮೊದಲ ಬೆಳೆ ಕೊಯ್ದದ್ದು ಉತ್ತರ ಪ್ರದೇಶ ಮತ್ತು ಬಿಹಾರ. ಮೈಸೂರು ಸಂಸ್ಥಾನ ಕೃಷ್ಣರಾಜಸಾಗರದ ನೀರು ನಂಬಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿಯನ್ನು 1933ರಲ್ಲಿ ಆರಂಭಿಸಿತು. ನಮ್ಮ ಸೀಮೆ ಆಗ ಹರಿದು ಹಂಚಿಹೋಗಿತ್ತು: ಅಥಣಿ, ಚಿಕ್ಕೋಡಿ ಮುಂಬಯಿ ಪ್ರಾಂತದಲ್ಲಿ, ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿ. ಮೀರಜ್‌ನಿಂದ ಬೆಳಗಾವಿ ಕಡೆಗೆ ಹೋಗುವ ರೈಲುಮಾರ್ಗದ ಮೇಲಿರುವ ಉಗಾರ ಖುರ್ದದ ಉಗಾರ ಶುಗರ್ ವರ್ಕ್ಸ್ ಕಂಪನಿಯನ್ನು ಶಿರಗಾಂವಕರ ಕುಟುಂಬ ಸ್ಥಾಪಿಸಿದ್ದು 1939ರಲ್ಲಿ. ಮೊದಲು ಅಥಣಿ ತಾಲ್ಲೂಕಿನ ಭಾಗವಾಗಿದ್ದ ಆ ಊರು ಈಗ ಕಾಗವಾಡ ತಾಲ್ಲೂಕಿನಲ್ಲಿದೆ.

ಉಳಿದ ಕಾರ್ಖಾನೆಗಳು ಬೇರೆ ದಾರಿಯಲ್ಲಿ ಬಂದವು. ಸ್ವಾತಂತ್ರ್ಯದ ನಂತರ ಲೈಸೆನ್ಸ್ ಕೊಡುವಾಗ ಸಹಕಾರಿ ಸಂಘಗಳಿಗೆ ಆದ್ಯತೆ ಸಿಕ್ಕಿತು. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಸಹಕಾರಿ ಸಕ್ಕರೆ ಕಾರ್ಖಾನೆಗಳು ಆ ಸಾಲಿನವು. ಘಟಪ್ರಭಾ ಎಡದಂಡೆ ಕಾಲುವೆ ರಾಯಬಾಗಕ್ಕೆ ನೀರು ತಂದಿತು, ನದಿದಂಡೆಯ ಪಂಪುಗಳು ಒಣ ಹೊಲಗಳನ್ನು ಕಬ್ಬಿನ ಹೊಲ ಮಾಡಿದವು. 1998ರಲ್ಲಿ ಸಕ್ಕರೆಗೆ ಲೈಸೆನ್ಸ್ ಪದ್ಧತಿ ರದ್ದಾದ ಮೇಲೆ ಖಾಸಗಿ ಕಾರ್ಖಾನೆಗಳು ಸಾಲುಗಟ್ಟಿದವು. ಸುಂಕ ಪೈಪೋಟಿಯನ್ನು ತಡೆಯಿತು; ನೀರು, ತಳಿ, ಸಾಲ, ಸಂಘಟನೆ ಬೇರೆ ಕಡೆಯಿಂದ ಬರಬೇಕಾಯಿತು. ಅವು ಬರುವ ತನಕ ಇಲ್ಲಿ ಸುಂಕವೊಂದರಿಂದ ಹೆಚ್ಚೇನೂ ಆಗಲಿಲ್ಲ.

ದುಡ್ಡು ಕೊಟ್ಟವರು ಯಾರು

ಸುಂಕದ ಬಾಬತ್ತು ಜಾವಾದವನು ಕಟ್ಟಲಿಲ್ಲ. ದುಬಾರಿ ಸಕ್ಕರೆ ಕೊಂಡವನು ಕಟ್ಟಿದ. ಆಮದು ನಿಂತು ಬೊಕ್ಕಸಕ್ಕೆ ಪೆಟ್ಟು ಬಿದ್ದಾಗ ಸರ್ಕಾರ 1934ರಲ್ಲಿ ದೇಶೀ ಕಾರ್ಖಾನೆಯ ಸಕ್ಕರೆಯ ಮೇಲೆಯೇ ಅಬಕಾರಿ ಸುಂಕ ಹಾಕಿತು. ಅದೇ ವರ್ಷ ಕಬ್ಬಿಗೆ ಕನಿಷ್ಠ ಬೆಲೆ ನಿಗದಿ ಮಾಡಲು ಪ್ರಾಂತಗಳಿಗೆ ಅಧಿಕಾರ ಕೊಡುವ ಕಾಯ್ದೆಯೂ ಬಂತು. ಕಾರ್ಖಾನೆಗೆ ಸಿಕ್ಕ ರಕ್ಷಣೆ ಹೊಲದವರೆಗೆ ತಾನಾಗಿ ಹರಿದುಬರುವುದಿಲ್ಲ ಎಂದು ಎರಡೇ ವರ್ಷದಲ್ಲಿ ಗೊತ್ತಾಗಿತ್ತು. 1937ರಲ್ಲಿ ಗಿರಣಿ ಮಾಲೀಕರು ಬೆಲೆ ಕುಸಿಯದಂತೆ ಶುಗರ್ ಸಿಂಡಿಕೇಟ್ ಕಟ್ಟಿಕೊಂಡರು. ಗೋಡೆಯೊಳಗೆ ಕೂತವರು ಒಬ್ಬರೊಡನೊಬ್ಬರು ಪೈಪೋಟಿ ಬಿಟ್ಟು ಒಂದಾಗುವುದು ಎಲ್ಲ ದೇಶಗಳ ಅನುಭವ.

ಕಾರ್ಖಾನೆಗೂ ಹೊಲಕ್ಕೂ ನಡುವಿನ ಬೆಲೆಯ ಜಗಳ ಇವತ್ತಿಗೂ ನಿಂತಿಲ್ಲ. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ 10.25 ಪ್ರತಿಶತ ಸಕ್ಕರೆ ಇಳುವರಿಯ (ರಿಕವರಿ) ಕಬ್ಬಿಗೆ ಕ್ವಿಂಟಲಿಗೆ 355 ರೂಪಾಯಿ ನ್ಯಾಯಯುತ ಮತ್ತು ಲಾಭದಾಯಕ ಬೆಲೆ, ಅಂದರೆ ಎಫ್‌ಆರ್‌ಪಿ ನಿಗದಿ ಮಾಡಿತು. ಕಟಾವು, ಸಾಗಾಣಿಕೆ ಕಳೆದರೆ ಕೈಗೆ ಬರುವುದೆಷ್ಟು ಎಂಬ ಪ್ರಶ್ನೆಯೊಂದಿಗೆ 2025ರ ಅಕ್ಟೋಬರ್ ಕೊನೆಗೆ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಕೂತರು. ಹೋರಾಟ ಅಥಣಿ, ಚಿಕ್ಕೋಡಿ ಕಡೆಗೂ ಹಬ್ಬಿತು. ನವೆಂಬರ್ 7ರಂದು ರಾಜ್ಯ ಸರ್ಕಾರ 3,300 ರೂಪಾಯಿ ಘೋಷಿಸಿತು.

ಗಡಿ ದಾಟುವ ಕಬ್ಬು

ಮುಕ್ತ ವ್ಯಾಪಾರ ಎಂದರೇನೆಂದು ನಿಪ್ಪಾಣಿ ಭಾಗದ ರೈತನಿಗೆ ಪುಸ್ತಕ ಓದಿ ತಿಳಿಯಬೇಕಿಲ್ಲ. ಅವನ ಕಬ್ಬು ಹಾಲಸಿದ್ಧನಾಥಕ್ಕೂ ಹೋಗುತ್ತದೆ, ಗಡಿಯಾಚೆ ಮಹಾರಾಷ್ಟ್ರದ ಹುಪರಿ, ಶಿರೋಳ ಕಡೆಯ ಕಾರ್ಖಾನೆಗಳಿಗೂ ಹೋಗುತ್ತದೆ. ಯಾರು ಮೊದಲು ಕಡಿಯುತ್ತಾರೆ, ಯಾರ ಬಿಲ್ಲು ಬೇಗ ಜಮಾ ಆಗುತ್ತದೆ ಎಂಬುದರ ಮೇಲೆ ಟ್ರ್ಯಾಕ್ಟರು ತಿರುಗುತ್ತದೆ. ಎರಡು ರಾಜ್ಯಗಳ ಕಾರ್ಖಾನೆಗಳು ಒಂದೇ ಹೊಲದ ಕಬ್ಬಿಗೆ ಕೈಚಾಚಿದಾಗ ರೈತನಿಗೆ ಮಾತಾಡುವ ಬಲ ಬರುತ್ತದೆ.

2023ರ ಸೆಪ್ಟೆಂಬರಿನಲ್ಲಿ, ಮಳೆ ಕೈಕೊಟ್ಟು ಕಬ್ಬು ಕಡಿಮೆಯಾಗುವ ಅಂದಾಜಿದ್ದಾಗ, ಮಹಾರಾಷ್ಟ್ರ ಸರ್ಕಾರ ತನ್ನ ರಾಜ್ಯದ ಕಬ್ಬು ಹೊರಗೆ ಹೋಗದಂತೆ ಆದೇಶ ಹೊರಡಿಸಿತು. ಅದನ್ನು ವಿರೋಧಿಸಿದವರು ಕರ್ನಾಟಕದ ಕಾರ್ಖಾನೆಗಳಿಗಿಂತ ಮೊದಲು ಅಲ್ಲಿನ ಕಬ್ಬು ಬೆಳೆಗಾರರೇ. ರಾಜು ಶೆಟ್ಟಿಯವರಂಥ ರೈತ ನಾಯಕರು ದನಿಯೆತ್ತಿದರು. ಆದೇಶ ಕೆಲವೇ ದಿನಗಳಲ್ಲಿ ವಾಪಸಾಯಿತು. ಗಡಿ ಮುಚ್ಚಿದರೆ ಲಾಭ ಕಾರ್ಖಾನೆಗೆ, ನಷ್ಟ ಬೆಳೆಗಾರನಿಗೆ ಎಂಬುದು ಇಷ್ಟು ಸ್ಪಷ್ಟವಾಗಿ ಕಾಣುವುದು ಅಪರೂಪ. ದೇಶದ ಗಡಿಯ ಸುಂಕದಲ್ಲೂ ಇದೇ ಲೆಕ್ಕ ನಡೆಯುತ್ತದೆ, ಆದರೆ ನಷ್ಟ ಕೋಟ್ಯಂತರ ಜನರ ಚಹಾ ಕಪ್ಪುಗಳಲ್ಲಿ ಹಂಚಿಹೋಗುವುದರಿಂದ ಯಾರೂ ರಸ್ತೆಗಿಳಿಯುವುದಿಲ್ಲ.

ಸುಂಕ ತಲುಪದ ಎರಡು ಕಸುಬು

ನಿಪ್ಪಾಣಿಯ ಹೆಸರು ದೇಶಕ್ಕೆ ಗೊತ್ತಾದದ್ದು ಬೀಡಿ ತಂಬಾಕಿನಿಂದ. ಇಲ್ಲಿ ಹೊರಗಿನ ಪೈಪೋಟಿಯ ಪ್ರಶ್ನೆಯೇ ಇರಲಿಲ್ಲ, ಕಾಡಿದ್ದು ಒಳಗಿನ ತೆರಿಗೆ. 1943ರಲ್ಲಿ ತಂಬಾಕಿನ ಮೇಲೆ ಕೇಂದ್ರ ಅಬಕಾರಿ ಬಂತು; ಸಂಸ್ಕರಿಸದ ತಂಬಾಕಿನ ಮೇಲಿನ ಸುಂಕ 1979ರಲ್ಲಿ ತೊಲಗಿತು. ಬೆಲೆಯ ಬಿಕ್ಕಟ್ಟು ತೊಲಗಲಿಲ್ಲ. 1981ರಲ್ಲಿ ರೈತ ನಾಯಕ ಶರದ್ ಜೋಶಿ ನೇತೃತ್ವದಲ್ಲಿ ತಂಬಾಕು ಬೆಳೆಗಾರರು ಪುಣೆ-ಬೆಂಗಳೂರು ಹೆದ್ದಾರಿ ತಡೆದರು. ಏಪ್ರಿಲ್‌ನಲ್ಲಿ ಪೊಲೀಸ್ ಗುಂಡಿಗೆ ಹಲವು ರೈತರು ಬಲಿಯಾದರು.

ಅಥಣಿ, ನಿಪ್ಪಾಣಿ ಭಾಗದ ಚಮ್ಮಾರ ಕುಟುಂಬಗಳು ಮಾಡುವ ಕೊಲ್ಹಾಪುರಿ ಚಪ್ಪಲಿಯದು ಮತ್ತೊಂದು ಬಗೆ. ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಮತ್ತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ ಸೇರಿ ಇದಕ್ಕೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಈ ಕಸುಬಿಗೆ ಬೇಕಾದದ್ದು ಹೊರಗಿನ ಬಾಗಿಲು. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿನ ಮೇಲೆ ಸುಂಕವನ್ನು 50 ಪ್ರತಿಶತಕ್ಕೆ ಏರಿಸಿದಾಗ ಪೆಟ್ಟು ಬಿದ್ದ ಸಾಲಿನಲ್ಲಿ ಪಾದರಕ್ಷೆಯೂ ಇತ್ತು. ಅದೇ ವರ್ಷ ಇಟಲಿಯ ಪ್ರಾಡಾ ಕಂಪನಿ ಇಂಥದೇ ಚಪ್ಪಲಿಯನ್ನು ಮಿಲಾನ್ ವೇದಿಕೆಗೆ ತಂದು ಟೀಕೆ ಎದುರಿಸಿ, ಕೊನೆಗೆ ಚರ್ಮೋದ್ಯಮ ನಿಗಮಗಳಾದ ಕರ್ನಾಟಕದ ಲಿಡ್‌ಕರ್ ಮತ್ತು ಮಹಾರಾಷ್ಟ್ರದ ಲಿಡ್‌ಕಾಮ್ ಜತೆ ಒಪ್ಪಂದಕ್ಕೆ ಸಹಿ ಹಾಕಿತು.

ಇಳಿಯದ ಗೋಡೆ

1932ರ ರಕ್ಷಣೆ 1950ರಲ್ಲಿ ಔಪಚಾರಿಕವಾಗಿ ಮುಗಿಯಿತು. ಆದರೆ ಸಕ್ಕರೆ ಬಯಲಿನಲ್ಲಿ ಹೆಚ್ಚುಕಾಲ ನಿಲ್ಲಲಿಲ್ಲ. ಆಮದು ಸುಂಕವನ್ನು 2018ರ ಫೆಬ್ರುವರಿಯಲ್ಲಿ 100 ಪ್ರತಿಶತಕ್ಕೆ ಏರಿಸಲಾಯಿತು. ಸಕ್ಕರೆಯ ಕನಿಷ್ಠ ಮಾರಾಟ ಬೆಲೆ 2019ರಿಂದ ಕಿಲೋಗೆ 31 ರೂಪಾಯಿ. 2022ರ ಜೂನ್‌ನಿಂದ ರಫ್ತಿಗೂ ಕಡಿವಾಣವಿದೆ. ಹೀಗೆ ಎರಡೂ ಕಡೆ ಬಾಗಿಲು ಸರ್ಕಾರದ ಕೈಯಲ್ಲಿದೆ. ಬೆಲೆ ಬಿದ್ದಾಗ ಸುಂಕ ಉದ್ಯಮವನ್ನು ಕಾಯುತ್ತದೆ, ಬೆಲೆ ಏರಿದಾಗ ರಫ್ತು ತಡೆ ಗ್ರಾಹಕನನ್ನು ಕಾಯುತ್ತದೆ, ಬೆಳೆಗಾರ ನಡುವೆ. ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಕೊಟ್ಟ ದೂರಿನ ಮೇಲೆ ವಿಶ್ವ ವ್ಯಾಪಾರ ಸಂಸ್ಥೆಯ ಸಮಿತಿ 2021ರ ಡಿಸೆಂಬರಿನಲ್ಲಿ ಭಾರತದ ಕಬ್ಬಿನ ಬೆಂಬಲ ಬೆಲೆ ಮತ್ತು ರಫ್ತು ಸಹಾಯಧನದ ವಿರುದ್ಧ ತೀರ್ಪು ಕೊಟ್ಟಿತು. ಭಾರತ ಮೇಲ್ಮನವಿ ಹಾಕಿದೆ. ಕೇಳಬೇಕಾದ ಮೇಲ್ಮನವಿ ಪೀಠವೇ ನ್ಯಾಯಾಧೀಶರಿಲ್ಲದೆ ಖಾಲಿ ಇದೆ.

ಈಗ ಕಾರ್ಖಾನೆಗಳ ಗಮನ ಎಥನಾಲ್ ಕಡೆಗಿದೆ. ಪೆಟ್ರೋಲಿಗೆ 20 ಪ್ರತಿಶತ ಬೆರೆಸುವ ಈ ಎಥನಾಲಿನ ಕೊಳ್ಳುವ ಬೆಲೆಯನ್ನು ಸರ್ಕಾರ ನಿಗದಿ ಮಾಡುತ್ತದೆ, ಇಂಧನಕ್ಕೆಂದು ಹೊರಗಿನ ಎಥನಾಲ್ ತರಲು ಬಿಡುವುದಿಲ್ಲ. ತನ್ನ ಮೆಕ್ಕೆಜೋಳದ ಎಥನಾಲಿಗೆ ಈ ಬಾಗಿಲು ತೆರೆಯಿರಿ ಎಂದು ಅಮೆರಿಕ ಒತ್ತಾಯಿಸುತ್ತಿದೆ. ರಹಿಮ್ತುಲ್ಲಾ ಕಮಿಷನ್ನಿನ ಮೊದಲೆರಡು ಷರತ್ತುಗಳನ್ನು ಕಾಗವಾಡ, ಅಥಣಿಯ ಡಿಸ್ಟಿಲರಿಗಳು ಸುಲಭವಾಗಿ ದಾಟುತ್ತವೆ. ಮೂರನೆಯದು, ಅಂದರೆ ರಕ್ಷಣೆಯಿಲ್ಲದೆ ಪೈಪೋಟಿ ಎದುರಿಸುವುದು, ಸಕ್ಕರೆಯ ವಿಷಯದಲ್ಲೇ ತೊಂಬತ್ತು ವರ್ಷಗಳಿಂದ ಸರಿಯಾಗಿ ಪರೀಕ್ಷೆಗೆ ಬಂದಿಲ್ಲ, ಎಥನಾಲಿನ ನೀತಿಯಲ್ಲಿ ಅದಕ್ಕೆ ಒಂದು ಕೊನೆಯ ತಾರೀಖನ್ನೂ ಬರೆದಿಲ್ಲ.