ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆ, ಕರ್ನಾಟಕ

ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆಯು ಕರ್ನಾಟಕ ಸರ್ಕಾರದ ಪ್ರಮುಖ ಇಲಾಖೆಗಳಲ್ಲಿ ಒಂದು. ಒಂದನೆಯ ತರಗತಿಯಿಂದ ದ್ವಿತೀಯ ಪದವಿಪೂರ್ವ ತರಗತಿಯವರೆಗಿನ ಶಿಕ್ಷಣ, ಶಿಕ್ಷಕರ ನೇಮಕಾತಿ ಮತ್ತು ತರಬೇತಿ, ಪಠ್ಯಪುಸ್ತಕಗಳು, ಸಾರ್ವಜನಿಕ ಪರೀಕ್ಷೆಗಳು ಹಾಗೂ ವಯಸ್ಕರ ಸಾಕ್ಷರತೆ ಇದರ ವ್ಯಾಪ್ತಿಗೆ ಬರುತ್ತವೆ. ಹಿಂದೆ ಇದನ್ನು ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಇಲಾಖೆ ಎಂದು ಕರೆಯಲಾಗುತ್ತಿತ್ತು. ರಾಜ್ಯದ 40,000ಕ್ಕೂ ಹೆಚ್ಚು ಸರ್ಕಾರಿ ಪ್ರಾಥಮಿಕ ಶಾಲೆಗಳು ಇದರ ಆಡಳಿತದಲ್ಲಿವೆ. ಪದವಿ ಕಾಲೇಜುಗಳು ಮತ್ತು ವಿಶ್ವವಿದ್ಯಾಲಯಗಳನ್ನು ಪ್ರತ್ಯೇಕವಾದ ಉನ್ನತ ಶಿಕ್ಷಣ ಇಲಾಖೆಯು ನೋಡಿಕೊಳ್ಳುತ್ತದೆ.

ಇಲಾಖೆಯ ಮೂಲವು 1857ರಲ್ಲಿ ಮೈಸೂರು ಸಂಸ್ಥಾನದಲ್ಲಿ ಸ್ಥಾಪನೆಯಾದ ಸಾರ್ವಜನಿಕ ಶಿಕ್ಷಣ ಇಲಾಖೆಯಲ್ಲಿದೆ. ಹಳ್ಳಿಯ ಶಾಲೆಯನ್ನು ನಡೆಸುವ ಹೊಣೆ ಊರಿನದೋ, ಸ್ಥಳೀಯ ಸಂಸ್ಥೆಯದೋ, ರಾಜ್ಯದ್ದೋ ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೆ ಇಲಾಖೆಯ ಇತಿಹಾಸದಲ್ಲಿ ಮತ್ತೆ ಮತ್ತೆ ಎದುರಾಗಿದೆ.

ಹಿನ್ನೆಲೆ

ಸರ್ಕಾರವು ಶಾಲೆಗಳನ್ನು ತೆರೆಯುವ ಮೊದಲು ಕನ್ನಡ ನಾಡಿನ ಹಳ್ಳಿಗಳಲ್ಲಿ ಕೂಲಿಮಠ ಅಥವಾ ಐಗಳ ಮಠ ಎಂಬ ಪಾಠಶಾಲೆಗಳಿದ್ದವು. ಊರಿನವರು ಕೊಡುವ ದವಸ, ಹಣ ಮತ್ತು ಕಾಣಿಕೆಗಳಿಂದ ಐಗಳ ಜೀವನ ಸಾಗುತ್ತಿತ್ತು. ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದಿ ಓದು, ಬರಹ, ಮಗ್ಗಿ ಮತ್ತು ಲೆಕ್ಕಗಳನ್ನು ಕಲಿಯುತ್ತಿದ್ದರು. ಈ ಮಠಗಳಿಗೆ ಸರ್ಕಾರದ ಪಠ್ಯಕ್ರಮವಾಗಲಿ ತನಿಖೆಯಾಗಲಿ ಇರಲಿಲ್ಲ. ಹೆಣ್ಣುಮಕ್ಕಳಿಗೂ ಅಸ್ಪೃಶ್ಯರೆನಿಸಿಕೊಂಡ ಜಾತಿಗಳ ಮಕ್ಕಳಿಗೂ ಸಾಮಾನ್ಯವಾಗಿ ಅಲ್ಲಿ ಪ್ರವೇಶವಿರಲಿಲ್ಲ.

ಮೈಸೂರು ಸಂಸ್ಥಾನದಲ್ಲಿ

ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1833ರಲ್ಲಿ ಮೈಸೂರಿನಲ್ಲಿ ರಾಜಾ ಉಚಿತ ಇಂಗ್ಲಿಷ್ ಶಾಲೆ ಆರಂಭವಾಯಿತು. ಮುಂದೆ ಇದೇ ಮಹಾರಾಜ ಕಾಲೇಜಾಗಿ ಬೆಳೆಯಿತು. ಆಗ ಸಂಸ್ಥಾನದ ಆಡಳಿತವು ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. 1854ರ ವುಡ್ ಡಿಸ್‌ಪ್ಯಾಚ್ ಭಾರತದಲ್ಲಿ ಸರ್ಕಾರಿ ಶಿಕ್ಷಣ ಇಲಾಖೆಗಳ ರಚನೆಗೆ ಸೂಚಿಸಿದ ಬಳಿಕ, 1857ರಲ್ಲಿ ಮೈಸೂರಿನಲ್ಲೂ ಇಲಾಖೆ ಅಸ್ತಿತ್ವಕ್ಕೆ ಬಂದಿತು. ಮರುವರ್ಷ ಬೆಂಗಳೂರಿನಲ್ಲಿ ಆರಂಭವಾದ ಹೈಸ್ಕೂಲು ನಂತರ ಸೆಂಟ್ರಲ್ ಕಾಲೇಜ್ ಎಂಬ ಹೆಸರು ಪಡೆಯಿತು.

ಮೊದಲ ದಶಕದಲ್ಲಿ ಇಲಾಖೆಯ ಶಾಲೆಗಳು ಬಹುಮಟ್ಟಿಗೆ ಪಟ್ಟಣಗಳಲ್ಲಿದ್ದವು. ಶಿಕ್ಷಣಾಧಿಕಾರಿಯಾಗಿದ್ದ ಬೆಂಜಮಿನ್ ಲೂಯಿಸ್ ರೈಸ್ ಅವರು ರೂಪಿಸಿದ 1868ರ ಹೋಬಳಿ ಶಾಲೆಗಳ ಯೋಜನೆಯು ಕನ್ನಡ ಪ್ರಾಥಮಿಕ ಶಿಕ್ಷಣವನ್ನು ಹೋಬಳಿ ಮಟ್ಟಕ್ಕೆ ಕೊಂಡೊಯ್ದಿತು. ರೈಸ್ ಅವರು ಇಂದು ಹೆಚ್ಚಾಗಿ 'ಎಪಿಗ್ರಾಫಿಯಾ ಕರ್ನಾಟಿಕಾ' ಶಾಸನ ಸಂಪುಟಗಳ ಸಂಪಾದಕರೆಂದು ಪ್ರಸಿದ್ಧರು. ಶಾಲಾ ತನಿಖೆಗಾಗಿ ಕೈಗೊಂಡ ಪ್ರವಾಸಗಳೇ ಅವರನ್ನು ಶಾಸನಗಳ ಕಡೆಗೆ ಸೆಳೆದವು.

1881ರಲ್ಲಿ ಅಧಿಕಾರವು ಒಡೆಯರ ಮನೆತನಕ್ಕೆ ಮರಳಿತು. ಅದೇ ವರ್ಷ ಮೈಸೂರಿನಲ್ಲಿ ಮಹಾರಾಣಿ ಬಾಲಿಕಾ ಪಾಠಶಾಲೆ ಆರಂಭವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರ ಪ್ರಾಥಮಿಕ ಶಿಕ್ಷಣ ಕಾಯಿದೆ ಜಾರಿಗೆ ಬಂದು ಆಯ್ದ ಪ್ರದೇಶಗಳಲ್ಲಿ ಕಡ್ಡಾಯ ಶಿಕ್ಷಣಕ್ಕೆ ದಾರಿಯಾಯಿತು. ಬ್ರಿಟಿಷ್ ಭಾರತದಲ್ಲಿ ಇಂಥದೇ ಉದ್ದೇಶದ ಗೋಪಾಲಕೃಷ್ಣ ಗೋಖಲೆಯವರ ಮಸೂದೆ 1912ರಲ್ಲಿ ಬಿದ್ದುಹೋಗಿತ್ತು. 1915ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಜಾತಿಯ ಕಾರಣದಿಂದ ಪ್ರವೇಶ ನಿರಾಕರಿಸಬಾರದೆಂಬ ಆದೇಶ ಹೊರಟಿತು. ಇದಕ್ಕೆ ಹಲವೆಡೆ ಮೇಲ್ಜಾತಿಗಳ ವಿರೋಧ ವ್ಯಕ್ತವಾಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು.

1930ರ ಕಾಯಿದೆಯು ಪ್ರಾಥಮಿಕ ಶಿಕ್ಷಣದ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿತು. 1941ರ ಕಾಯಿದೆಯ ಮೂಲಕ ಸರ್ಕಾರವು ಆ ಹೊಣೆಯನ್ನು ಮರಳಿ ತನ್ನ ಕೈಗೆ ತೆಗೆದುಕೊಂಡಿತು.

ಇತರ ಕನ್ನಡ ಪ್ರದೇಶಗಳಲ್ಲಿ

ಏಕೀಕರಣಕ್ಕೆ ಮುನ್ನ ಕನ್ನಡ ಮಾತನಾಡುವ ಪ್ರದೇಶಗಳು ಬೇರೆ ಬೇರೆ ಶಿಕ್ಷಣ ವ್ಯವಸ್ಥೆಗಳಿಗೆ ಒಳಪಟ್ಟಿದ್ದವು.

ಮುಂಬಯಿ ಕರ್ನಾಟಕ: ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯು 1855ರಲ್ಲಿ ಆರಂಭವಾಯಿತು. ಧಾರವಾಡ, ಬೆಳಗಾವಿ ಭಾಗದ ಶಾಲೆಗಳಲ್ಲಿ ಆಗ ಮರಾಠಿಯದೇ ಮೇಲುಗೈ. ಇಲಾಖೆಯಲ್ಲಿ ಡೆಪ್ಯುಟಿ ಅಧಿಕಾರಿಯಾಗಿದ್ದ ಚನ್ನಬಸಪ್ಪನವರು ಕನ್ನಡ ಶಾಲೆಗಳ ಸ್ಥಾಪನೆಗೆ ದುಡಿದು 'ಡೆಪ್ಯುಟಿ ಚನ್ನಬಸಪ್ಪ' ಎಂದೇ ಹೆಸರಾದರು. ಏಳನೆಯ ತರಗತಿಯ ಕೊನೆಗೆ ನಡೆಯುತ್ತಿದ್ದ ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಶಿಕ್ಷಕ ವೃತ್ತಿಗೆ ಸೇರಬಹುದಾಗಿತ್ತು.

ಹೈದರಾಬಾದ್ ಕರ್ನಾಟಕ: ನಿಜಾಮರ ಆಡಳಿತದಲ್ಲಿ ಉರ್ದು ಆಡಳಿತ ಭಾಷೆಯಾಗಿತ್ತು, ಶಿಕ್ಷಣದಲ್ಲೂ ಅದಕ್ಕೇ ಪ್ರಾಧಾನ್ಯ. ಕನ್ನಡ ಶಾಲೆಗಳನ್ನು ಹೆಚ್ಚಾಗಿ ಖಾಸಗಿ ಸಂಸ್ಥೆಗಳು ನಡೆಸಬೇಕಾಯಿತು.

ಮದ್ರಾಸ್ ಪ್ರಾಂತ ಮತ್ತು ಕೊಡಗು: ದಕ್ಷಿಣ ಕನ್ನಡದಲ್ಲಿ 1830ರ ದಶಕದಿಂದಲೇ ಬಾಸೆಲ್ ಮಿಷನ್ ಶಾಲೆಗಳು ಆರಂಭವಾದವು. ಬಳ್ಳಾರಿಯು ಮದ್ರಾಸ್ ವ್ಯವಸ್ಥೆಯಲ್ಲಿದ್ದು 1953ರಲ್ಲಿ ಮೈಸೂರಿಗೆ ಸೇರಿತು. ಕೊಡಗಿಗೆ ಪ್ರತ್ಯೇಕ ಆಡಳಿತವಿತ್ತು.

ಈ ವ್ಯತ್ಯಾಸ ಎದ್ದುಕಾಣುತ್ತಿದ್ದ ಸ್ಥಳಗಳಲ್ಲಿ ತುಂಗಭದ್ರಾ ನದಿಯ ದಡದ ಹರಿಹರವೂ ಒಂದು. ಹರಿಹರವು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿದ್ದರೆ, ನದಿಯಾಚೆಯ ರಾಣೆಬೆನ್ನೂರು ತಾಲ್ಲೂಕು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಒಂದೇ ಭಾಷೆಯ ಮಕ್ಕಳು ಸೇತುವೆಯ ಎರಡು ಬದಿಗಳಲ್ಲಿ ಬೇರೆ ಬೇರೆ ಪಠ್ಯಪುಸ್ತಕಗಳನ್ನು ಓದಿ ಬೇರೆ ಬೇರೆ ಪರೀಕ್ಷೆಗಳನ್ನು ಬರೆಯುತ್ತಿದ್ದರು.

ಏಕೀಕರಣದ ನಂತರ

1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯವಾದಾಗ ಇಲಾಖೆಯು ಈ ಎಲ್ಲ ವ್ಯವಸ್ಥೆಗಳನ್ನು ಒಗ್ಗೂಡಿಸಬೇಕಾಯಿತು. ಶಾಲಾ ಹಂತಗಳು, ಶಿಕ್ಷಕರ ವೇತನ ಶ್ರೇಣಿ, ಸೇವಾ ನಿಯಮ, ಪರೀಕ್ಷೆ ಎಲ್ಲವೂ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗಿದ್ದವು. 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆಯು ಇಡೀ ರಾಜ್ಯಕ್ಕೆ ಏಕರೂಪದ ಕಾನೂನನ್ನು ಒದಗಿಸಿತು. ಏಳು ವರ್ಷಗಳ ಪ್ರಾಥಮಿಕ ಮತ್ತು ಮೂರು ವರ್ಷಗಳ ಪ್ರೌಢ ಶಿಕ್ಷಣದ ವ್ಯವಸ್ಥೆ ನೆಲೆಗೊಂಡಿತು. 1966ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಗಾಗಿ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ಸ್ಥಾಪನೆಯಾಯಿತು.

ಶಿಕ್ಷಣವು ಮೊದಲು ಸಂವಿಧಾನದ ರಾಜ್ಯ ಪಟ್ಟಿಯಲ್ಲಿತ್ತು. 1976ರ 42ನೆಯ ತಿದ್ದುಪಡಿಯು ಅದನ್ನು ಸಮವರ್ತಿ ಪಟ್ಟಿಗೆ ಸೇರಿಸಿದ್ದರಿಂದ ಕೇಂದ್ರ ಸರ್ಕಾರಕ್ಕೂ ಶಾಸನ ರಚನೆಯ ಅಧಿಕಾರ ದೊರೆಯಿತು. ರಾಜ್ಯದೊಳಗೆ ಅಧಿಕಾರವು ಮತ್ತೆ ಕೆಳಕ್ಕೆ ಹಂಚಿಕೆಯಾಯಿತು. 1987ರಲ್ಲಿ ರಚನೆಯಾದ ಜಿಲ್ಲಾ ಪರಿಷತ್ತುಗಳಿಗೂ, 1993ರ ಪಂಚಾಯತ್ ರಾಜ್ ಕಾಯಿದೆಯಡಿ ಜಿಲ್ಲಾ ಪಂಚಾಯಿತಿಗಳಿಗೂ ಶಾಲೆಗಳ ಹೊಣೆಯಲ್ಲಿ ಪಾಲು ಸಿಕ್ಕಿತು. 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ ರಚನೆಗೆ ಆದೇಶವಾಗಿ, ಪೋಷಕರಿಗೆ ಶಾಲೆಯ ಆಗುಹೋಗುಗಳಲ್ಲಿ ಅಧಿಕೃತ ಸ್ಥಾನ ದೊರೆಯಿತು. ಇವು ಎಸ್.ಡಿ.ಎಂ.ಸಿ. ಎಂಬ ಹೆಸರಿನಿಂದ ಪರಿಚಿತವಾಗಿವೆ. ಈ ನಡುವೆ 1983ರ ಕರ್ನಾಟಕ ಶಿಕ್ಷಣ ಕಾಯಿದೆಯು 1995ರಲ್ಲಿ ಜಾರಿಗೆ ಬಂದಿತು. ಖಾಸಗಿ ಶಾಲೆಗಳ ನೋಂದಣಿ ಮತ್ತು ಮಾನ್ಯತೆಗೆ ಇದೇ ಆಧಾರವಾಗಿದೆ.

ಸಂವಿಧಾನದ 86ನೆಯ ತಿದ್ದುಪಡಿಯು 6ರಿಂದ 14 ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕಾಗಿ ಘೋಷಿಸಿತು. ಅದನ್ನು ಅನುಷ್ಠಾನಗೊಳಿಸುವ ಶಿಕ್ಷಣ ಹಕ್ಕು ಕಾಯಿದೆಯು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಿಂದಿನ ಕಡ್ಡಾಯ ಶಿಕ್ಷಣ ಕಾಯಿದೆಗಳು ಮಗುವನ್ನು ಶಾಲೆಗೆ ಕಳುಹಿಸುವ ಹೊಣೆಯನ್ನು ಮುಖ್ಯವಾಗಿ ಪೋಷಕರ ಮೇಲೆ ಹೊರಿಸಿದ್ದವು. ಈ ಕಾಯಿದೆಯಲ್ಲಿ ಶಾಲೆ, ಶಿಕ್ಷಕ ಮತ್ತು ಕಲಿಕೆಯನ್ನು ಒದಗಿಸುವುದು ಸರ್ಕಾರದ ಕಾನೂನುಬದ್ಧ ಕರ್ತವ್ಯವಾಗಿದೆ.

ಆಡಳಿತ ರಚನೆ

ಇಲಾಖೆಯ ಮುಖ್ಯಸ್ಥರು ಶಾಲಾ ಶಿಕ್ಷಣ ಸಚಿವರು. 2023ರ ಮೇ ತಿಂಗಳಲ್ಲಿ ಮಧು ಬಂಗಾರಪ್ಪ ಅವರು ಈ ಸಚಿವರಾದರು. ಸಚಿವಾಲಯದಲ್ಲಿ ಪ್ರಧಾನ ಕಾರ್ಯದರ್ಶಿಯವರೂ, ಕ್ಷೇತ್ರ ಆಡಳಿತಕ್ಕೆ ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿ ಕಚೇರಿ ಹೊಂದಿರುವ ಆಯುಕ್ತರೂ ಇರುತ್ತಾರೆ. ಉತ್ತರ ಕರ್ನಾಟಕದ ಜಿಲ್ಲೆಗಳಿಗಾಗಿ ಧಾರವಾಡ ಮತ್ತು ಕಲಬುರಗಿಯಲ್ಲಿ ಅಪರ ಆಯುಕ್ತರ ಕಚೇರಿಗಳಿವೆ. ಆಡಳಿತದ ಅನುಕೂಲಕ್ಕಾಗಿ ಶಿರಸಿ, ಚಿಕ್ಕೋಡಿ, ಮಧುಗಿರಿಗಳನ್ನು ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಗಳಾಗಿ ಗುರುತಿಸಲಾಗಿದೆ.

ಜಿಲ್ಲಾ ಮಟ್ಟದಿಂದ ಕೆಳಗಿನ ವ್ಯವಸ್ಥೆಯನ್ನು ದಾವಣಗೆರೆ ಜಿಲ್ಲೆಯ ಉದಾಹರಣೆಯಿಂದ ತಿಳಿಯಬಹುದು. 1997ರ ಆಗಸ್ಟ್ 15ರಂದು ಈ ಜಿಲ್ಲೆ ರಚನೆಯಾದಾಗ, ಅದುವರೆಗೆ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಹರಿಹರ ತಾಲ್ಲೂಕಿನ ಶಾಲೆಗಳು ದಾವಣಗೆರೆಯ ಉಪನಿರ್ದೇಶಕರ ಕಚೇರಿಯ ವ್ಯಾಪ್ತಿಗೆ ಬಂದವು. ಹರಿಹರ ತಾಲ್ಲೂಕಿನ ಭಾನುವಳ್ಳಿಯಂತಹ ಗ್ರಾಮದ ಸರ್ಕಾರಿ ಪ್ರಾಥಮಿಕ ಶಾಲೆಗೆ ಸಂಬಂಧಿಸಿದ ಹಂತಗಳು ಹೀಗಿವೆ:

• ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ: ಪೋಷಕರ ಪ್ರತಿನಿಧಿಗಳಿರುವ ಈ ಸಮಿತಿಯು ಶಾಲೆಯ ಕೆಲಸಕಾರ್ಯಗಳನ್ನು ಗಮನಿಸುತ್ತದೆ.
• ಸಮೂಹ ಸಂಪನ್ಮೂಲ ವ್ಯಕ್ತಿ: ಸುತ್ತಲಿನ ಕೆಲವು ಶಾಲೆಗಳಿಗೆ ಭೇಟಿ ನೀಡಿ ಬೋಧನೆಗೆ ನೆರವಾಗುತ್ತಾರೆ.
• ಕ್ಷೇತ್ರ ಶಿಕ್ಷಣಾಧಿಕಾರಿ: ಬಿ.ಇ.ಒ. ಎಂದು ಕರೆಯಲಾಗುವ ಇವರು ತಾಲ್ಲೂಕಿನ ಶಾಲೆಗಳ ಆಡಳಿತದ ಮುಖ್ಯಸ್ಥರು. ಇವರ ಕಚೇರಿ ಹರಿಹರದಲ್ಲಿದೆ.
• ಉಪನಿರ್ದೇಶಕರು: ಡಿ.ಡಿ.ಪಿ.ಐ. ಎಂದು ಪರಿಚಿತರಾದ ಇವರು ಜಿಲ್ಲೆಯ ಶಾಲಾ ಶಿಕ್ಷಣದ ಹೊಣೆ ಹೊತ್ತಿರುತ್ತಾರೆ.
• ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ: ಡಯಟ್ ಎಂಬ ಈ ಸಂಸ್ಥೆಯು ಶಿಕ್ಷಕರ ತರಬೇತಿಯನ್ನು ನೋಡಿಕೊಳ್ಳುತ್ತದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಇಂತಹ ಸಂಸ್ಥೆಗಳು ಆರಂಭವಾದವು.

ರಾಜ್ಯ ಮಟ್ಟದಲ್ಲಿ ಸಂಶೋಧನೆ ಮತ್ತು ತರಬೇತಿಗೆ ಡಿ.ಎಸ್.ಇ.ಆರ್.ಟಿ., ಪಠ್ಯಪುಸ್ತಕಗಳಿಗೆ ಕರ್ನಾಟಕ ಪಠ್ಯಪುಸ್ತಕ ಸಂಘ ಹಾಗೂ ಪರೀಕ್ಷೆಗಳಿಗೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಇವೆ. ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ಪರೀಕ್ಷೆಗಳೆರಡನ್ನೂ ಈಗ ಈ ಮಂಡಳಿಯೇ ನಡೆಸುತ್ತದೆ.

ಪ್ರಮುಖ ಕಾರ್ಯಕ್ರಮಗಳು

ನಲಿ-ಕಲಿ: 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾಯಿತು. ಆಂಧ್ರಪ್ರದೇಶದ ಋಷಿವ್ಯಾಲಿಯ ಪ್ರಯೋಗವನ್ನು ನೋಡಿಬಂದ ಶಿಕ್ಷಕರು ಇದನ್ನು ರೂಪಿಸಿದರು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಕಾರ್ಡುಗಳ ನೆರವಿನಿಂದ, ತಮ್ಮ ವೇಗದಲ್ಲಿ ಕಲಿಯುತ್ತಾರೆ. 2009-10ರಲ್ಲಿ ಇದನ್ನು ರಾಜ್ಯದ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗಳಿಗೆ ವಿಸ್ತರಿಸಲಾಯಿತು.

ಶಿಕ್ಷಕರ ನೇಮಕಾತಿ: ಎಚ್. ಜಿ. ಗೋವಿಂದೇಗೌಡರು ಶಿಕ್ಷಣ ಸಚಿವರಾಗಿದ್ದ 1994–99ರ ಅವಧಿಯಲ್ಲಿ ಅಂಕಗಳ ಆಧಾರದ ಮೇಲೆ ದೊಡ್ಡ ಸಂಖ್ಯೆಯಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರ ನೇಮಕವಾಯಿತು. ಶಿಫಾರಸು ಮತ್ತು ಲಂಚಕ್ಕೆ ಅವಕಾಶವಿಲ್ಲದಂತೆ ನಡೆದ ಈ ನೇಮಕಾತಿ ಇಂದಿಗೂ ಪಾರದರ್ಶಕತೆಗೆ ಮಾದರಿಯೆಂದು ಪರಿಗಣಿತವಾಗಿದೆ. ಶಿಕ್ಷಕರ ವರ್ಗಾವಣೆಯನ್ನು ನಿಯಂತ್ರಿಸುವ ಕಾಯಿದೆಯು 2007ರಲ್ಲಿ ಬಂದಿತು.

ಅಕ್ಷರ ದಾಸೋಹ: ಮಧ್ಯಾಹ್ನದ ಬಿಸಿಯೂಟದ ಈ ಯೋಜನೆಯು ಮೊದಲು ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಜಾರಿಯಾಗಿ, ನಂತರ ರಾಜ್ಯಕ್ಕೆಲ್ಲ ವಿಸ್ತರಣೆಯಾಯಿತು. 2013ರ ಆಗಸ್ಟ್‌ನಲ್ಲಿ ಹಾಲು ನೀಡುವ ಕ್ಷೀರಭಾಗ್ಯ ಯೋಜನೆ ಸೇರಿತು. ಆನಂತರ ಮೊಟ್ಟೆ ಅಥವಾ ಬಾಳೆಹಣ್ಣಿನ ವಿತರಣೆಯೂ ಆರಂಭವಾಯಿತು.

ಬೈಸಿಕಲ್ ವಿತರಣೆ: ಹಳ್ಳಿಯ ಪ್ರಾಥಮಿಕ ಶಾಲೆ ಮುಗಿಸಿದ ಹೆಣ್ಣುಮಕ್ಕಳು ದೂರದ ಪ್ರೌಢಶಾಲೆಗೆ ಹೋಗಲಾಗದೆ ಓದು ನಿಲ್ಲಿಸುವುದನ್ನು ತಡೆಯಲು 2006-07ರಲ್ಲಿ ಎಂಟನೆಯ ತರಗತಿಯವರಿಗೆ ಆರಂಭಿಸಲಾಯಿತು. ಮುಂದೆ ಗಂಡುಮಕ್ಕಳಿಗೂ ವಿಸ್ತರಿಸಲಾಯಿತು.

ಶಿಕ್ಷಣ ಮಾಧ್ಯಮ ಮತ್ತು ಭಾಷಾ ನೀತಿ

1980ರಲ್ಲಿ ನೇಮಕವಾದ ವಿ. ಕೃ. ಗೋಕಾಕ್ ಸಮಿತಿಯು ಪ್ರೌಢಶಾಲೆಗಳಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದು ಶಿಫಾರಸು ಮಾಡಿತು. ವರದಿಯ ಜಾರಿಗೆ ನಡೆದ ಗೋಕಾಕ್ ಚಳವಳಿಯಲ್ಲಿ ಸಾಹಿತಿಗಳು, ವಿದ್ಯಾರ್ಥಿಗಳು ಮತ್ತು ನಟ ರಾಜ್‌ಕುಮಾರ್ ಭಾಗವಹಿಸಿದರು. 1994ರ ಸರ್ಕಾರಿ ಆದೇಶವು ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮವನ್ನು ಕಡ್ಡಾಯಗೊಳಿಸಿತು. ಇದನ್ನು ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳು ಪ್ರಶ್ನಿಸಿದವು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಮಾಧ್ಯಮದ ಆಯ್ಕೆ ಪೋಷಕರ ಹಕ್ಕು, ರಾಜ್ಯವು ಅದನ್ನು ಹೇರುವಂತಿಲ್ಲ ಎಂದು ತೀರ್ಪಿತ್ತಿತು.

ತರುವಾಯ ಕನ್ನಡ ಭಾಷಾ ಕಲಿಕಾ ಕಾಯಿದೆ, 2015ರ ಮೂಲಕ ಎಲ್ಲ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸುವುದು ಕಡ್ಡಾಯವಾಯಿತು. ಇನ್ನೊಂದೆಡೆ, 2019-20ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳನ್ನು ತೆರೆಯುವ ಕ್ರಮಕ್ಕೆ ಕನ್ನಡ ಸಾಹಿತಿಗಳಿಂದ ವಿರೋಧ ಬಂದಿತು. ಮಕ್ಕಳು ಖಾಸಗಿ ಶಾಲೆಗೆ ಹೋಗುವುದನ್ನು ತಡೆಯಲು ಇದು ಅಗತ್ಯವೆಂಬುದು ಸರ್ಕಾರದ ವಾದವಾಗಿತ್ತು.

ಸವಾಲುಗಳು

ಜನಗಣತಿಯ ಪ್ರಕಾರ ರಾಜ್ಯದ ಸಾಕ್ಷರತೆಯು 1991ರಲ್ಲಿ ಶೇ. 56.04, 2001ರಲ್ಲಿ ಶೇ. 66.64 ಮತ್ತು 2011ರಲ್ಲಿ ಶೇ. 75.36ರಷ್ಟಿತ್ತು. 2011ರಲ್ಲಿ ಪುರುಷರ ಸಾಕ್ಷರತೆ ಶೇ. 82.47 ಆಗಿದ್ದರೆ ಮಹಿಳೆಯರದು ಶೇ. 68.08 ಮಾತ್ರ.

ಪ್ರಾದೇಶಿಕ ಅಂತರವೂ ಮುಂದುವರಿದಿದೆ. ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು ಸಾಮಾನ್ಯವಾಗಿ ಮುಂಚೂಣಿಯಲ್ಲಿದ್ದು, ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಹಿಂದುಳಿಯುತ್ತವೆ. ಆ ಭಾಗಕ್ಕೆ ಸಂವಿಧಾನದ 371ಜೆ ವಿಧಿಯಡಿ ನೇಮಕಾತಿ ಮತ್ತು ಪ್ರವೇಶದಲ್ಲಿ ಮೀಸಲಾತಿ ಇದೆ. ಶಿಕ್ಷಕರ ಖಾಲಿ ಹುದ್ದೆಗಳು, ಅತಿಥಿ ಶಿಕ್ಷಕರ ಮೇಲಿನ ಅವಲಂಬನೆ ಹಾಗೂ ಸರ್ಕಾರಿ ಶಾಲೆಗಳಲ್ಲಿ ಕುಸಿಯುತ್ತಿರುವ ದಾಖಲಾತಿ ಇಲಾಖೆಯ ಮುಂದಿರುವ ಇತರ ಸಮಸ್ಯೆಗಳು. ಮಕ್ಕಳ ಸಂಖ್ಯೆ ತೀರ ಕಡಿಮೆಯಿರುವ ಶಾಲೆಗಳನ್ನು ಹತ್ತಿರದ ಶಾಲೆಗಳೊಂದಿಗೆ ಸೇರಿಸುವ ಪ್ರಸ್ತಾವಗಳು ಬಂದಾಗಲೆಲ್ಲ, ಸಣ್ಣ ಹಳ್ಳಿಗಳ ಹೆಣ್ಣುಮಕ್ಕಳ ಓದು ನಿಲ್ಲುವುದೆಂಬ ಆಕ್ಷೇಪ ಕೇಳಿಬಂದಿದೆ.

ಕೋವಿಡ್ ಅವಧಿಯಲ್ಲಿ ಶಾಲೆಗಳು ಮುಚ್ಚಿದ್ದಾಗ, ಶಿಕ್ಷಕರು ಮಕ್ಕಳಿರುವಲ್ಲಿಗೇ ಹೋಗಿ ಪಾಠ ಮಾಡುವ ವಿದ್ಯಾಗಮ ಕಾರ್ಯಕ್ರಮವನ್ನು 2020ರಲ್ಲಿ ಆರಂಭಿಸಲಾಯಿತು. ಸೋಂಕಿನ ಭೀತಿಯಿಂದ ಅದೇ ವರ್ಷದ ಅಕ್ಟೋಬರ್‌ನಲ್ಲಿ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಯಿತು. ಪಠ್ಯಪುಸ್ತಕಗಳ ಪರಿಷ್ಕರಣೆಯು ಸರ್ಕಾರ ಬದಲಾದಂತೆ ವಿವಾದಕ್ಕೆ ಒಳಗಾಗಿದೆ. 2022ರಲ್ಲಿ ಮಾಡಿದ ಹಲವು ಬದಲಾವಣೆಗಳನ್ನು 2023ರಲ್ಲಿ ಹಿಂಪಡೆಯಲಾಯಿತು. ರಾಜ್ಯಕ್ಕೆ ಪ್ರತ್ಯೇಕ ಶಿಕ್ಷಣ ನೀತಿಯನ್ನು ರೂಪಿಸಲು 2023ರಲ್ಲಿ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ಆಯೋಗವನ್ನು ರಚಿಸಲಾಯಿತು. ಆಯೋಗವು 2025ರ ಆಗಸ್ಟ್‌ನಲ್ಲಿ ತನ್ನ ವರದಿಯನ್ನು ಸಲ್ಲಿಸಿತು.