ಅಟ್ಟದ ಕೊಬ್ಬರಿ, ದಿಬ್ಬದ ತೆಂಗು

ಮೊನ್ನೆ ಊರಿಗೆ ಹೋದಾಗ ಅಟ್ಟ ಹತ್ತಿದ್ದೆ. ಕಾಯಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸುವ ಚಟ ಇನ್ನೂ ಹೋಗಿಲ್ಲ :) ಒಳಗೆ ಲೊಡಲೊಡ ಅಂದರೆ ಕೊಬ್ಬರಿ ಆಗಿದೆ ಅಂತ ಅರ್ಥ. ತಿಪಟೂರು ಸೀಮೆ ಗೊತ್ತಿಲ್ಲದವರಿಗೆ ಹೇಳಬೇಕು... ನಮ್ಮ ಉಂಡೆ ಕೊಬ್ಬರಿಯನ್ನು ಬೆಂಕಿ ಹಾಕಿ ಒಣಗಿಸುವುದಿಲ್ಲ. ಬಲಿತ ಕಾಯಿ ಎಂಟರಿಂದ ಹನ್ನೆರಡು ತಿಂಗಳು ಅಟ್ಟದಲ್ಲಿ ಸುಮ್ಮನೆ ಕೂತಿರುತ್ತದೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಡುತ್ತದೆ. ಕರೆಂಟ್ ಬೇಡ, ತಾಳ್ಮೆ ಬೇಕು.

ಇಂಥ ಬೆಳೆ ನೀರಿನ ಸಾಲಕ್ಕೆ ಬಿದ್ದಿದ್ದು ಹೇಗೆ? ಅದೇ ತಲೆ ತಿನ್ನುತ್ತಿದೆ.

ಹಳಬರ ಲೆಕ್ಕ ಸರಳ. ಕೆರೆ ಕೆಳಗಿನ ತಗ್ಗಿನಲ್ಲಿ ತೆಂಗು, ಅಡಿಕೆ. ದಿಬ್ಬದ ಹೊಲದಲ್ಲಿ ರಾಗಿ, ಹುರುಳಿ, ಅವರೆ. ವರ್ಷಕ್ಕೆ 600-700 ಮಿ.ಮೀ. ಮಳೆ ಬೀಳುವ ಜಾಗದಲ್ಲಿ ತೆಂಗು ಎಲ್ಲಿ ನಿಲ್ಲಬೇಕು ಅಂತ ಕೆರೆಯೇ ಹೇಳುತ್ತಿತ್ತು. ಬೆಂಗಳೂರಿನಿಂದ ಹರಿಹರದವರೆಗೆ ರೈಲು ಓಡಿದ್ದು 1889ರಲ್ಲಿ, ತಿಪಟೂರು ಅದೇ ದಾರಿಯಲ್ಲಿ. ಇಲ್ಲಿನ ಉಂಡೆ ಕೊಬ್ಬರಿಯಲ್ಲಿ ಬಹುಪಾಲು ತಿನ್ನುವವರು ನಾವಲ್ಲ, ಉತ್ತರ ಭಾರತದವರು. ಅಲ್ಲಿ ಅದು ಬಾದಾಮಿ, ದ್ರಾಕ್ಷಿ ಸಾಲಿನ ಪದಾರ್ಥ. ಹಬ್ಬಕ್ಕೆ, ಮದುವೆಗೆ ಬೇಕೇ ಬೇಕು. ದೇಶದ ಆ ತುದಿಯ ಮದುವೆ ಸೀಸನ್ನು ಈ ತುದಿಯ ಹೊಲದಲ್ಲಿ ಏನು ಬೆಳೆಯಬೇಕು ಅಂತ ತೀರ್ಮಾನಿಸತೊಡಗಿತು.

ತೆಂಗು ದಿಬ್ಬ ಹತ್ತಿತು. ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ನಾಲೆ ನೀರು ಬಂದ ಕಡೆ ಕೆರೆ ತುಂಬಿತು, ಬಾರದ ಕಡೆ ಬೋರ್ ಕೊರೆದರು. 2008ರಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಪುಕ್ಕಟೆ ಆಯಿತು. ನೀರಿಗೆ ಬೆಲೆಯೇ ಇಲ್ಲದಂತಾಯಿತು, ಕೊರೆಯುವುದಕ್ಕೆ ಮಾತ್ರ ದುಡ್ಡು. ಆಮೇಲೆ 2010ರ ದಶಕದ ಬರಗಳಲ್ಲಿ ತಿಪಟೂರು, ಚಿಕ್ಕನಾಯಕನಹಳ್ಳಿ ಸುತ್ತ ಸುಳಿ ಒಣಗಿ ನಿಂತ ಮರಗಳನ್ನು ನೋಡಿದವರಿಗೆ ನಾನು ವಿವರಿಸಬೇಕಿಲ್ಲ. ರಾಗಿ ಹೋದರೆ ಮುಂದಿನ ಮುಂಗಾರಿಗೆ ಮತ್ತೆ ಬಿತ್ತಬಹುದು. ತೆಂಗು ಹೋದರೆ ಫಲಕ್ಕೆ ಮತ್ತೆ ಆರೇಳು ವರ್ಷ.

ಇದನ್ನು ದುರಾಸೆ ಅನ್ನೋಕೆ ನನಗಂತೂ ಬಾಯಿಲ್ಲ. ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದೇ ದಿಬ್ಬದ ತೆಂಗು. ರಾಗಿ ಹೊಟ್ಟೆ ತುಂಬಿಸುತ್ತಿತ್ತು, ಕಾಲೇಜಿಗೆ ಕಳಿಸುತ್ತಿರಲಿಲ್ಲ.

2018ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದವರು 150ಕ್ಕೂ ಹೆಚ್ಚು ದೇಶಗಳನ್ನು ತೂಗಿ ನೋಡಿದ್ದರು. ಜನರಿಗೆ ಅನ್ನ, ಓದು, ಆರೋಗ್ಯ ಎಲ್ಲ ಕೊಟ್ಟು, ಭೂಮಿ ತಾಳುವಷ್ಟೇ ಬಳಸುವ ದೇಶ ಒಂದಾದರೂ ಇದೆಯಾ ಅಂತ. ಒಂದೂ ಸಿಗಲಿಲ್ಲ! ಸ್ವಲ್ಪ ಹತ್ತಿರ ಬಂದದ್ದು ವಿಯೆಟ್ನಾಂ. ಓದುವಾಗ ನನಗೆ ನೆನಪಾದದ್ದು ನಮ್ಮ ತಾಲ್ಲೂಕೇ. ಕೆರೆಯ ಲೆಕ್ಕದಲ್ಲಿ ಬದುಕಿದ ಅಜ್ಜಿ ಶಾಲೆ ಮೆಟ್ಟಿಲು ಹತ್ತಲಿಲ್ಲ. ಓದಿದ ನಾನು ಬೋರ್ ನೀರಿನ ಲೆಕ್ಕದಲ್ಲಿ ಬೆಳೆದವನು. ಎರಡೂ ಒಟ್ಟಿಗೆ ಸಿಗುವ ತೋಟವನ್ನು ನಾನಿನ್ನೂ ನೋಡಿಲ್ಲ.

2023ರಲ್ಲಿ ಕೊಬ್ಬರಿ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದಾಗ ಮನೆಯಲ್ಲಿ ಮರ ಕಡಿಸುವ ಮಾತಿತ್ತು. 2025ರಲ್ಲಿ ಅದೇ ಕೊಬ್ಬರಿ 25 ಸಾವಿರ ದಾಟಿತು. ಚಿಕ್ಕಪ್ಪ ಉಳಿದಿದ್ದ ಒಂದು ರಾಗಿ ಹೊಲದಲ್ಲೂ ಸಸಿಗೆ ಗುಂಡಿ ತೆಗೆಸಿದ್ದಾರೆ. "ನೀರು?" ಅಂದೆ. ಪಾಯಿಂಟ್ ನೋಡೋಕೆ ಭಾನುವಾರ ಒಬ್ಬರು ಬರ್ತಾರಂತೆ, ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು.