ಗೋರಿಪಾಳ್ಯದ ಯೆಹೂದ್ಯರ ಸಮಾಧಿಭೂಮಿ

ಬೆಂಗಳೂರಿನ ಪಶ್ಚಿಮಭಾಗದ ಮಾರೇನಹಳ್ಳಿಯಿಂದ ಹಳೆಯ ಪೇಟೆಯ ಕಡೆಗೆ ಬರುವವರಿಗೆ ಮೈಸೂರು ರಸ್ತೆಯ ಮಗ್ಗುಲಲ್ಲಿ ಗೋರಿಪಾಳ್ಯವು ದೊರೆಯುತ್ತದೆ. ಅಲ್ಲಿ ಯೆಹೂದ್ಯರ ಸಣ್ಣದೊಂದು ಸಮಾಧಿಭೂಮಿಯುಂಟು. ಈ ನಗರದಲ್ಲಿ ಆ ಹಳೆಯ ಕುಟುಂಬಗಳು ತಮಗೊಂದು ಪ್ರಾರ್ಥನಾಮಂದಿರವನ್ನು ಕಟ್ಟಿಕೊಳ್ಳಲಿಲ್ಲ. ಆದಕಾರಣ ಅವರ ಚರಿತ್ರೆಯನ್ನು ಅರಸುವವರು ಈ ಕಲ್ಲುಗಳ ಬಳಿಗೇ ಬರಬೇಕು.

ಯೆಹೂದ್ಯರಿಗೂ ಮೈಸೂರು ಸೀಮೆಗೂ ಉಂಟಾದ ಸಂಬಂಧವು ಹಳೆಯದು. ಕೊಂಕಣತೀರದ ಬೆನೆ ಇಸ್ರೇಲರು ಗಾಣದ ಕಸುಬಿನವರು. ಶನಿವಾರ ದುಡಿಯದೆ ಇದ್ದುದರಿಂದ ‘ಶನಿವಾರ ತೇಲಿ’ಗಳೆಂದು ಕರೆಯಲ್ಪಟ್ಟವರು. ಅವರಲ್ಲಿ ಹಲವರು ಆಂಗ್ಲರ ಸೈನ್ಯವನ್ನು ಸೇರಿದರು. ಅಂತಹ ಒಬ್ಬ ಸೇನಾನಿ ಸಾಮುಯೆಲ್ ದಿವೇಕರನು ಟೀಪುಸುಲ್ತಾನನಿಗೆ ಸೆರೆಸಿಕ್ಕಿ, ಬಿಡುಗಡೆ ಹೊಂದಿ, 1796ರಲ್ಲಿ ಮುಂಬಯಿಯಲ್ಲಿ ಆ ಜನದ ಮೊದಲ ಪ್ರಾರ್ಥನಾಮಂದಿರವನ್ನು ಕಟ್ಟಿಸಿದನು.

ಅದಾದ ನೂರು ವರ್ಷಗಳ ಮೇಲೆ ಬೆಂಗಳೂರಿನ ದಂಡಿನ ಆಶ್ರಯದಲ್ಲಿ ಕೆಲವು ಕುಟುಂಬಗಳು ನೆಲೆಸಿದ್ದವು. 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಅವರ ಸಮಾಧಿಗಳಿಗೆಂದು ಈ ನೆಲವನ್ನು ದಯಪಾಲಿಸಿದರು. ಪ್ರಭುಗಳು ಪೂರ್ಣಾಧಿಕಾರವನ್ನು ವಹಿಸಿಕೊಂಡು ಆಗಿನ್ನೂ ಎರಡೇ ವರ್ಷಗಳಾಗಿದ್ದವು. ಯೆಹೂದ್ಯರ ಮೂಲಪುರುಷನಾದ ಅಬ್ರಹಾಮನು ಪರದೇಶದಲ್ಲಿ ಪತ್ನಿಯ ಶವಕ್ಕೆ ತಾವು ಬೇಡಿದಾಗ, ದಾನವಾಗಿ ಕೊಡಬಂದುದನ್ನು ಒಲ್ಲದೆ, 400 ಶೆಕೆಲ್ ಬೆಳ್ಳಿಯನ್ನು ತೂಗಿಕೊಟ್ಟನೆಂದು ಅವರ ಧರ್ಮಗ್ರಂಥವು ಹೇಳುತ್ತದೆ. ದಾನದ ನೆಲದಲ್ಲಿ ಹಕ್ಕು ನಿಲ್ಲುವುದೋ ಇಲ್ಲವೋ ಎಂಬ ಶಂಕೆ ಪರಕೀಯನಿಗೆ ಸಹಜವಾದುದೇ. ಇಲ್ಲಿಯ ದಾನವಾದರೋ ನೂರು ವರ್ಷಗಳನ್ನು ಮೀರಿ ನಿಂತಿದೆ.

ಬಾಗ್ದಾದಿನಿಂದ ಬಂದು ಕಮರ್ಷಿಯಲ್ ರಸ್ತೆಯಲ್ಲಿ ಪಾದರಕ್ಷೆಗಳ ದೊಡ್ಡ ಅಂಗಡಿಯನ್ನಿಟ್ಟ ರೂಬಿನ್ ಮೋಸೆಸ್‌ರವರ ಮನೆತನದವರು ಈ ಸ್ಥಳದ ಪಾಲಕರಾದರು. ಇಲ್ಲಿರುವ ಗೋರಿಗಳು 50ರ ಆಚೀಚೆ. ಎರಡನೆಯ ಮಹಾಯುದ್ಧದ ಕಾಲದ ಯೋಧರೂ, ಹಿಟ್ಲರನ ಹಿಂಸೆಗೆ ಅಂಜಿ ಜರ್ಮನಿಯಿಂದ ಓಡಿಬಂದವರೂ ಬೆನೆ ಇಸ್ರೇಲರ ಮಗ್ಗುಲಲ್ಲೇ ಮಲಗಿದ್ದಾರೆ. ಬದುಕಿನಲ್ಲಿ ಒಬ್ಬರ ನುಡಿ ಒಬ್ಬರಿಗೆ ತಿಳಿಯದಿದ್ದವರಿಗೂ ಗೋರಿಯ ಮೇಲಿನ ಹೀಬ್ರೂ ಲಿಪಿಯು ಸಮಾನವಾದುದು.

ಮೃತರಿಗಾಗಿ ಹೇಳುವ ‘ಕದ್ದಿಶ್’ ಪ್ರಾರ್ಥನೆಗೆ ಸಂಪ್ರದಾಯದಂತೆ ಪ್ರಾಯಕ್ಕೆ ಬಂದ ಹತ್ತು ಮಂದಿ ಪುರುಷರು ಕೂಡಬೇಕು. ಸ್ಥಳೀಯರಾದ ಯೆಹೂದ್ಯ ಕುಟುಂಬಗಳು ಈಗ ಬೆರಳೆಣಿಕೆಗೆ ಇಳಿದಿರುವುದರಿಂದ ಅಷ್ಟು ಮಂದಿಯನ್ನು ಕೂಡಿಸುವುದು ಸುಲಭವಲ್ಲ. ಹಾಗಿದ್ದರೂ ಗೋರಿಯನ್ನು ನೋಡಬಂದವನು ಹೂವಿಗೆ ಬದಲಾಗಿ ಒಂದು ಸಣ್ಣ ಕಲ್ಲನ್ನು ಅದರ ಮೇಲಿಟ್ಟು ಹೋಗುವುದು ಆ ಜನದ ವಾಡಿಕೆ. ಅದಕ್ಕೆ ಒಬ್ಬನು ಬಂದರೂ ಸಾಕು.